ಟಾರ್ಚ್ ಯಾರು ಹಿಡಿಯಬೇಕು

ನನ್ನ ಮೇಜಿನ ಮೇಲೆ ಈಗ ಒಂದು ಟಾರ್ಚ್ ಇದೆ. ಮೂರು ಸೆಲ್ಲು ನುಂಗುವ, ಮೈತುಂಬ ಗೀರುಗಳಿರುವ, ಹಿಡಿದರೆ ಮಣಿಕಟ್ಟು ಸೋಲುವಷ್ಟು ತೂಕದ ಹಳೆಯ ಸ್ಟೀಲ್ ಟಾರ್ಚ್. ಅದು ನಮ್ಮಪ್ಪನದು. ಅಪ್ಪ ಹೋದ ಮೇಲೆ ಅಣ್ಣನ ಪಾಲಿಗೆ ಹೋಯಿತು. ಅಣ್ಣ ಅದನ್ನು ಭದ್ರಾವತಿಯಿಂದ ಕೈಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ತಂದವನು, ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದಾನೆ. ಮರೆತು ಬಿಟ್ಟನೋ, ಬೇಕೆಂದೇ ಬಿಟ್ಟನೋ ಎಂದು ನನ್ನನ್ನು ಕೇಳಬೇಡಿ. ಇದನ್ನು ಓದಿ ಮುಗಿಸಿದ ಮೇಲೆ ನೀವೇ ಹೇಳಿ.

ಈ ಟಾರ್ಚಿಗೂ ನನಗೂ ಹಳೆಯ ದ್ವೇಷ. ನಮ್ಮ ಮನೆಯಲ್ಲಿ ಏನು ಕೆಟ್ಟರೂ ಅಪ್ಪನೇ ರಿಪೇರಿ ಮಾಡಬೇಕು, ಅಪ್ಪ ರಿಪೇರಿಗೆ ಕೂತರೆ ಮನೆಯವರೆಲ್ಲ ಸುತ್ತ ನಿಲ್ಲಬೇಕು. ಅಪ್ಪ ಬಿಚ್ಚುವವರು. ಅಣ್ಣ ಶ್ರೀಧರ ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ತಟ್ಟೆಯಲ್ಲಿ ಹಾಕಿಟ್ಟುಕೊಂಡು, ಕೇಳಿದ ಕೂಡಲೇ ಸ್ಕ್ರೂಡ್ರೈವರ್ ಕೊಡುವವನು. ಒಮ್ಮೊಮ್ಮೆ ಅವನಿಗೂ ಒಂದೆರಡು ಸುತ್ತು ತಿರುಗಿಸುವ ಭಾಗ್ಯ ಸಿಗುತ್ತಿತ್ತು. ನಾನು ಟಾರ್ಚ್ ಹಿಡಿಯುವವಳು. ಟಾರ್ಚ್ ಹಿಡಿಯುವುದು ಸುಲಭದ ಕೆಲಸ ಎಂದು ತಿಳಿದವರು ಯಾವತ್ತೂ ಹಿಡಿದವರಲ್ಲ. ನೀವು ಬೆಳಕು ಬಿಟ್ಟ ಜಾಗ ಎಂದಿಗೂ ಸರಿಯಾದ ಜಾಗ ಆಗಿರುವುದಿಲ್ಲ. ಆ ಕಡೆ ಬಿಟ್ಟರೆ ಈ ಕಡೆ ಎನ್ನುತ್ತಾರೆ, ಈ ಕಡೆ ಬಿಟ್ಟರೆ ಅವರದೇ ತಲೆ ಅಡ್ಡ ಬಂದು ನೆರಳಾಗುತ್ತದೆ, ಆ ನೆರಳಿಗೂ ನೀವೇ ಹೊಣೆ. ಸ್ಕ್ರೂ ಕೈಜಾರಿ ಬಿದ್ದರೆ ಟಾರ್ಚ್ ಹಿಡಿದವರಿಗೆ ಬೈಗುಳ, ಶಾಕ್ ಹೊಡೆದರೆ ಟಾರ್ಚ್ ಹಿಡಿದವರಿಗೆ ಬೈಗುಳ. ಕೆಲಸ ಆಯಿತೆಂದರೆ ಮಾತ್ರ ಟಾರ್ಚ್ ಹಿಡಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ನಾವು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಒಂದು ಪಕ್ಕದ ಮನೆಯವರು ತಮಿಳರು, ಇನ್ನೊಂದು ಪಕ್ಕದವರು ತೆಲುಗಿನವರು, ನಡುವೆ ನಾವು. ಹಗ್ಗದ ಮೇಲೆ ಒಣಹಾಕಿದ ಬಟ್ಟೆಗೆ ಕೆಂಪು ಧೂಳು ಕೂರುತ್ತಿತ್ತು; ಮಡಚುವ ಮುಂಚೆ ಒಮ್ಮೆ ಝಾಡಿಸುವ ಅಭ್ಯಾಸ ನನಗೆ ಇವತ್ತಿಗೂ ಬಿಟ್ಟಿಲ್ಲ. ಸೈರನ್ ಕೂಗಿದರೆ ಊಟ, ಸೈರನ್ ಕೂಗಿದರೆ ಸ್ಕೂಲು. ಆ ಊರಿನಲ್ಲಿ ಪ್ರತಿ ಮನೆಯ ಗಂಡಸೂ ತನ್ನನ್ನು ಎಂಜಿನಿಯರ್ ಎಂದೇ ಭಾವಿಸಿಕೊಂಡಿದ್ದ. ನಮ್ಮಪ್ಪ ಟೈಂ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವರು. ಯಂತ್ರಕ್ಕೂ ಅವರಿಗೂ ಇದ್ದ ಸಂಬಂಧ ಎಂದರೆ ಕಿಟಕಿಯಿಂದ ಅದರ ಸದ್ದು ಕೇಳಿಸುತ್ತಿತ್ತು, ಅಷ್ಟೇ. ಆದರೂ ಮನೆಗೆ ಬಂದರೆ ಟ್ರಂಕಿನಿಂದ ಸ್ಕ್ರೂಡ್ರೈವರ್ ಹೊರಗೆ ಬರುತ್ತಿತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಈ ವಯಸ್ಸಿನಲ್ಲಿ ಕಂಪ್ಯೂಟರನ್ನು ಬಿಡಿಬಿಡಿಯಾಗಿ ಕೊಂಡು ಕೈಯಾರೆ ಜೋಡಿಸಲು ಹೊರಟದ್ದಕ್ಕೆ ಕಾರಣ ಹುಡುಕುತ್ತಾ ಹೋದರೆ ಕೊನೆಗೆ ಆ ಟಾರ್ಚಿನ ಹತ್ತಿರವೇ ಬಂದು ನಿಲ್ಲಬೇಕಾಗುತ್ತದೆ.

ಕಂಪ್ಯೂಟರ್ ಬೇಕು ಎಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನಿಮಗ್ಯಾಕೆ? ನಿವೃತ್ತನಾದ ಗಂಡಸು ದೊಡ್ಡ ಟಿವಿ ತಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ನಾನು ಯಾರಿಗೂ ಕಾರಣ ಹೇಳಲಿಲ್ಲ. ಬೇಕು, ಅದಕ್ಕೆ ತಗೋತಿದೀನಿ ಎಂದೆ. ನಿಮಗೂ ಹೇಳುವುದಿಲ್ಲ. ಲ್ಯಾಪ್‌ಟಾಪ್ ತಗೋ ಎಂದರು. ಅದನ್ನು ಬಿಚ್ಚಲು ಬರುವುದಿಲ್ಲವಲ್ಲ ಎಂದೆ. ಬಿಚ್ಚೋದ್ಯಾಕೆ ಎಂದರು. ಆ ಪ್ರಶ್ನೆಗೂ ನನ್ನ ಹತ್ತಿರ ಸಭ್ಯವಾದ ಉತ್ತರ ಇರಲಿಲ್ಲ.

ಅಂಗಡಿಯವರು ಒಳ್ಳೆಯ ಮನುಷ್ಯರು, ಆದರೆ ಅವರೂ ಹಾಗೆಯೇ. "ಮೇಡಂ, ನೀವ್ಯಾಕೆ ತೊಂದರೆ ತಗೋತೀರಿ, ಅಸೆಂಬಲ್ ಮಾಡಿಸಿ ಮನೆಗೇ ಕಳಿಸ್ತೀನಿ" ಎಂದರು. "ಬೇಡ, ಡಬ್ಬಗಳನ್ನ ಹಾಗೇ ಕೊಡಿ" ಎಂದೆ. "ಸರ್ ಇದಾರಾ ಮನೇಲಿ, ಜೋಡಿಸೋಕೆ?" ಎಂದು ಕೇಳಿದರು. ಸರ್ ಇಲ್ಲ, ಇದ್ದಿದ್ದರೂ ಅವರ ಕೈಗೆ ಕೊಡುತ್ತಿರಲಿಲ್ಲ ಎಂದೆ. ಅವರು ಡಬ್ಬಗಳನ್ನು ಆಟೋಗೆ ಏರಿಸಿಕೊಟ್ಟರು.

ಅಣ್ಣನಿಗೆ ಸುದ್ದಿ ಹೋದದ್ದು ಅಮ್ಮನಿಂದ. ಅಮ್ಮ ನನ್ನ ಜೊತೆಗೇ ಇದ್ದಾಳೆ. ಎಂಬತ್ತು ದಾಟಿದರೂ ಕಿವಿ ಚುರುಕು, ಫೋನು ಅದಕ್ಕಿಂತ ಚುರುಕು. ಅಣ್ಣ ಭದ್ರಾವತಿಯಿಂದ ಕೂಡಲೇ ಫೋನ್ ಮಾಡಿದ.

"ಮುಟ್ಟಬೇಡ ಮಾರಾಯ್ತಿ. ಡಬ್ಬ ಎಲ್ಲ ಹಂಗೇ ಇಟ್ಟಿರು. ಭಾನುವಾರ ನಾನು ಬರ್ತೀನಿ."

"ಗುರುವಾರವೇ ಶುರು ಮಾಡ್ತೀನಿ."

"ರೇಡಿಯೋ ಕತೆ ಆಗುತ್ತೆ ನೋಡು."

ರೇಡಿಯೋ ಕತೆ ಎಂದರೆ ಏನೆಂದು ಹೇಳಿಬಿಡಬೇಕು. ನಮ್ಮ ಬಂಧುಬಳಗದಲ್ಲಿ ಮದುವೆ, ಮುಂಜಿ, ಸೀಮಂತ ಏನೇ ಇರಲಿ, ಎಲೆ ಹಾಕಿ ಪಾಯಸ ಬರುವ ಹೊತ್ತಿಗೆ ಯಾರಾದರೂ ಒಬ್ಬರು ಶುರು ಮಾಡುತ್ತಾರೆ: ನಮ್ಮ ವಸು ಚಿಕ್ಕವಳಿದ್ದಾಗ ಚೆನ್ನಾಗಿದ್ದ ರೇಡಿಯೋ ಬಿಚ್ಚಿ ಚಿಂದಿ ಮಾಡಿದ್ದಳು, ಪಾಪ, ಶ್ರೀಧರ ಬಂದು ಸರಿಮಾಡಿದ. ಎಲ್ಲರೂ ನಗುತ್ತಾರೆ. ಅಣ್ಣ ವಿನಯದಿಂದ ತಲೆ ತಗ್ಗಿಸಿ ಪಾಯಸಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾನೆ. ನನ್ನ ಮದುವೆಯಲ್ಲೂ ಹೇಳಿದರು. ಗಂಡಿನ ಕಡೆಯವರಿಗೆ ನನ್ನ ಬಗ್ಗೆ ಮೊದಲು ತಿಳಿದ ಸಂಗತಿಯೇ ಅದು.

ಅದು ಸುಳ್ಳು. ಚೆನ್ನಾಗಿದ್ದ ರೇಡಿಯೋ ಅದಲ್ಲ. ಅದರ ದನಿ ನಿಂತುಹೋಗಿತ್ತು. ರೇಡಿಯೋ ಕೇಂದ್ರ ನಮ್ಮ ಊರಿನಲ್ಲೇ ಇದ್ದು ಅದರ ದನಿ ನಮ್ಮ ಮನೆಗೇ ಬರುತ್ತಿಲ್ಲ ಎಂಬುದು ಅಪ್ಪನಿಗೆ ಭಾರಿ ಅವಮಾನವಾಗಿತ್ತು. ರಜೆಯ ದಿನ ಕೂತು, ನನ್ನ ಕೈಲಿ ಟಾರ್ಚ್ ಹಿಡಿಸಿ, ಒಳಗಿನ ದೊಡ್ಡ ದೊಡ್ಡ ಭಾಗಗಳನ್ನೆಲ್ಲ ಒಂದೊಂದಾಗಿ ಅನುಮಾನಿಸಿ, ನನಗೆ ಹೊಟ್ಟೆ ತುಂಬ ಬೈದು, ಕೊನೆಗೆ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟರು. ಟಾರ್ಚ್ ಹಿಡಿದವರಿಗೆ ಒಂದು ಲಾಭ ಇದೆ. ಬಿಚ್ಚುವವರು ಕೈಯಿಟ್ಟ ಕಡೆ ಮಾತ್ರ ನೋಡುತ್ತಿರುತ್ತಾರೆ, ಬೆಳಕು ಹಿಡಿದವರಿಗೆ ಸುತ್ತಮುತ್ತ ಎಲ್ಲ ಕಾಣುತ್ತಿರುತ್ತದೆ. ನನಗೆ ಮೂಲೆಯಲ್ಲಿ ಒಂದು ತಗಡು ಕಂಡಿತ್ತು, ಹಳೆಯ ಸೆಲ್ಲು ಸೋರಿ ಹಸಿರು ಕಿಲುಬು ಹಿಡಿದದ್ದು. ಅಪ್ಪಾ, ಅಲ್ಲಿ ಎಂದು ಬಾಯಿ ತೆಗೆದಿದ್ದಕ್ಕೆ, ಸುಮ್ಮನೆ ಬೆಳಕು ಹಿಡಿ ಎಂದಿದ್ದರು.

ಕಿಲುಬಿಗೆ ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆ ಬೆಳಗುವವಳು ನಾನೇ. ಒಂದು ಮಧ್ಯಾಹ್ನ ಅಪ್ಪ ಡ್ಯೂಟಿಗೆ ಹೋದ ಮೇಲೆ ಸ್ಟೂಲು ಹತ್ತಿ ರೇಡಿಯೋ ಇಳಿಸಿದೆ. ಹಿಂದಿನ ಮುಚ್ಚಳ ಬಿಚ್ಚಿ, ಆ ತಗಡನ್ನು ಎಬ್ಬಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಒರೆಸಿ, ಬಿಸಿಲಿಗೆ ಇಟ್ಟೆ. ಮತ್ತೆ ಸೇರಿಸಿ ಸೆಲ್ಲು ಹಾಕಿ ರೇಡಿಯೋದ ಕಿವಿ ತಿರುಗಿಸಿದರೆ ರೈತರಿಗೆ ಗೊಬ್ಬರದ ಬಗ್ಗೆ ಸಲಹೆ ಕೊಡುತ್ತಿದ್ದ ಯಾರೋ ಗಂಟಲು ಸರಿಮಾಡಿಕೊಂಡದ್ದೂ ಸೇರಿ ಎಲ್ಲ ಕೇಳಿಸಿತು. ಅಷ್ಟು ಸುಂದರವಾದ ಕೆಮ್ಮನ್ನು ನಾನು ಆಮೇಲೆ ಕೇಳಿಲ್ಲ. ಮುಚ್ಚಳ ಹಾಕಲು ಹೋದಾಗ ಒಂದು ಸ್ಕ್ರೂ ಕೂರಲೊಲ್ಲದು. ಆಗ ಆಟ ಮುಗಿಸಿ ಒಳಗೆ ಬಂದ ಅಣ್ಣ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಅದನ್ನು ತಿರುಗಿಸತೊಡಗಿದ. ಸೈರನ್ ಆಯಿತು. ಅಪ್ಪ ಬಂದರು. ರೇಡಿಯೋ ಮಾತಾಡುತ್ತಿದೆ, ಸ್ಕ್ರೂಡ್ರೈವರ್ ಅಣ್ಣನ ಕೈಯಲ್ಲಿದೆ. ಶಭಾಷ್ ಅವನಿಗೆ ಹೋಯಿತು. ಕೇಳದೆ ಇಳಿಸಿದ್ದು ಯಾರು ಎಂಬ ಪ್ರಶ್ನೆ ಮಾತ್ರ ನನ್ನ ಕಡೆ ಬಂತು. ನಾನು ಎಷ್ಟು ಸಲ ಹೇಳಿದರೂ ಯಾರೂ ಕೇಳಲಿಲ್ಲ, ಆಮೇಲೆ ಹೇಳುವುದನ್ನೇ ಬಿಟ್ಟೆ. ಬಿಟ್ಟೆ ಎಂದರೆ ಮರೆತೆ ಎಂದಲ್ಲ.

ಹಾಗಾಗಿ ಅಣ್ಣ ಫೋನಿನಲ್ಲಿ ರೇಡಿಯೋ ಎಂದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. "ನೀನು ಭಾನುವಾರ ಬರೋದ್ರೊಳಗೆ ಓಡ್ತಿರುತ್ತೆ. ಓಡಲಿಲ್ಲ ಅಂದ್ರೆ ನೀನೇ ಎತ್ಕೊಂಡು ಅಂಗಡಿಗೆ ಕೊಟ್ಟು ಬಾ, ನಾನು ಇನ್ನು ಜನ್ಮದಲ್ಲಿ ಸ್ಕ್ರೂಡ್ರೈವರ್ ಮುಟ್ಟಲ್ಲ" ಎಂದುಬಿಟ್ಟೆ.

"ಮಾತು ಕೊಟ್ಟಿದೀಯ" ಎಂದ.

"ಕೊಟ್ಟಿದೀನಿ" ಎಂದೆ.

ಗುರುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕೂತೆ. ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ, ಬಿಡಿಭಾಗಗಳನ್ನೆಲ್ಲ ಹೊರುವ ಬೋರ್ಡನ್ನು ಅದರೊಳಗೆ ಕೂರಿಸಿ, ಪ್ರೊಸೆಸರ್ ಇಟ್ಟು, ಅದರ ತಲೆಯ ಮೇಲೆ ಫ್ಯಾನ್ ಬಿಗಿದೆ. ಇನ್ನು ಬೋರ್ಡಿನ ಮೇಲಿನ ಎರಡು ಉದ್ದನೆಯ ಸೀಳುಗಳಲ್ಲಿ ಮೆಮೊರಿ ಪಟ್ಟಿಗಳನ್ನು ಒತ್ತಿ ಕೂರಿಸುವುದಿತ್ತು. ಅಷ್ಟರಲ್ಲಿ ಅಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು.

"ಮುಗಿದ ಮೇಲೆ ಮಾಡಮ್ಮ."

"ಮುಗಿಯೋ ಹೊತ್ತಿಗೆ ರಾಹುಕಾಲ ಬರುತ್ತೆ. ಆಮೇಲೆ ನೀನು ಮುಚ್ಚಳ ಹಾಕಿಬಿಡ್ತೀಯ. ಬರೀ ಡಬ್ಬಕ್ಕೆ ಪೂಜೆ ಮಾಡ್ಲಾ? ಒಳಗಿರೋದಕ್ಕಲ್ವೇನೆ ಮಾಡಬೇಕಾದ್ದು?"

ಈ ತರ್ಕಕ್ಕೆ ಎದುರಾಡಲು ನನ್ನಿಂದ ಆಗಲಿಲ್ಲ. ನಮ್ಮ ಮನೆಯಲ್ಲಿ ಹೊಸ ಮಿಕ್ಸಿ ಬಂದರೂ ಅರಿಶಿನ ಕುಂಕುಮ ಕಾಣದೆ ಚಟ್ನಿ ಅರೆಯುವಂತಿಲ್ಲ. ಸ್ಕೂಟರಿಗಾದರೆ ಚಕ್ರದ ಕೆಳಗೆ ನಿಂಬೆಹಣ್ಣು. ಇದಕ್ಕೆ ಚಕ್ರ ಎಲ್ಲಿದೆ ಎಂದು ಅಮ್ಮ ಸ್ವಲ್ಪ ಹೊತ್ತು ಹುಡುಕಿ, ತಿರುಗುವ ವಸ್ತು ಫ್ಯಾನೇ ಎಂದು ತೀರ್ಮಾನಿಸಿದಳು. ಫ್ಯಾನಿಗೆ ನಿಂಬೆಹಣ್ಣು ಇಡುವುದನ್ನು ಹೇಗೋ ತಪ್ಪಿಸಿದೆ. ಬೋರ್ಡಿಗೆ ಕುಂಕುಮ ಹಚ್ಚುವುದನ್ನು ಕೈ ಹಿಡಿದು ತಪ್ಪಿಸಿ ಕ್ಯಾಬಿನೆಟ್ಟಿನ ಹಣೆಗೆ ಹಚ್ಚಿಸಿದೆ. ಅಷ್ಟರಲ್ಲಿ ಅಮ್ಮ ಇನ್ನೊಂದು ಕೈಯಲ್ಲಿ ಹಿಡಿ ಅಕ್ಷತೆ ಎತ್ತಿ, ಮಕ್ಕಳ ತಲೆಯ ಮೇಲೆ ಹಾಕುವ ಹಾಗೆ, ಧಾರಾಳವಾಗಿ ಒಳಗೆ ಚೆಲ್ಲಿಬಿಟ್ಟಳು. ಹಳದಿ ಅಕ್ಕಿಕಾಳುಗಳು ಬೋರ್ಡಿನ ಉದ್ದಗಲಕ್ಕೂ ಟಪಟಪ ಬಿದ್ದವು.

"ಅಮ್ಮಾ" ಎಂದೆ.

"ನೂರು ವರ್ಷ ಬಾಳಲಿ" ಎಂದಳು ಅಮ್ಮ, ನನಗಲ್ಲ, ಅದಕ್ಕೆ.

ಕಾಳುಗಳನ್ನು ಒಂದೊಂದಾಗಿ ಆರಿಸಿದೆ. ಕ್ಯಾಬಿನೆಟ್ಟನ್ನು ಎತ್ತಿ ಬೋರಲು ಮಾಡಿ, ಮಗುವಿಗೆ ತೇಗು ಬರಿಸುವ ಹಾಗೆ ಬೆನ್ನು ತಟ್ಟಿದೆ. ಇನ್ನೊಂದಷ್ಟು ಉದುರಿದವು. ಪೂರ್ತಿ ಹೋಯಿತು ಎನ್ನಿಸಿದ ಮೇಲೆ ಮೆಮೊರಿ ಪಟ್ಟಿಗಳನ್ನು ಇಟ್ಟು ಎರಡೂ ಹೆಬ್ಬೆರಳಿಂದ ಒತ್ತಿದೆ. ಒಂದು ಟಕ್ಕೆಂದು ಕೂತಿತು. ಇನ್ನೊಂದು ಸ್ವಲ್ಪ ಹಟ ಮಾಡಿತು. ಹಟಕ್ಕೆ ನಾನೂ ಕಡಿಮೆಯವಳಲ್ಲವಲ್ಲ, ಇನ್ನೂ ಜೋರಾಗಿ ಒತ್ತಿದೆ. ಅದೂ ಕೂತಿತು, ಅಥವಾ ಕೂತ ಹಾಗೆ ಕಾಣಿಸಿತು. ವೈರುಗಳನ್ನೆಲ್ಲ ಸೇರಿಸಿ, ಅಮ್ಮನನ್ನು ಕರೆದು ಎದುರಿಗೆ ಕೂರಿಸಿ, ಗುಂಡಿ ಒತ್ತಿದೆ.

ದೀಪ ಹತ್ತಿತು. ಫ್ಯಾನ್ ತಿರುಗಿತು. ಅಮ್ಮ ಕೈಮುಗಿದಳು. ಅಮ್ಮನ ಕೈ ಕೆಳಗೆ ಇಳಿಯುವಷ್ಟರಲ್ಲಿ ಎಲ್ಲ ಆರಿಹೋಯಿತು. ಆಮೇಲೆ ತಾನಾಗಿಯೇ ಮತ್ತೆ ಹತ್ತಿತು, ಮತ್ತೆ ತಿರುಗಿತು, ಮತ್ತೆ ಆರಿತು. ಪರದೆ ಮಾತ್ರ ಕಪ್ಪಗೆ ಕೂತಿತ್ತು. ಪೂರ್ತಿ ಸತ್ತಿದ್ದರೆ ಒಂದು ನೆಮ್ಮದಿ ಇರುತ್ತಿತ್ತು. ಇದು ಬೆಳಗ್ಗೆ ಏಳು ಎಂದರೆ ಎದ್ದು ಕೂತು, ನಾವು ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಮುಸುಕು ಹಾಕುವ ಮಕ್ಕಳ ಹಾಗೆ ಮಾಡುತ್ತಿತ್ತು.

"ಸುಮ್ನೆ ಬಿಡು, ಅದಕ್ಕೆ ಮನಸ್ಸಿಲ್ಲ" ಎಂದು ಅಮ್ಮ ಎದ್ದು ಹೋದಳು. ಹೋದವಳು ನೇರ ಫೋನಿನ ಹತ್ತಿರ ಹೋದಳು ಎಂದು ಬೇರೆ ಹೇಳಬೇಕಿಲ್ಲ.

ಶುಕ್ರವಾರ ಪೂರ್ತಿ ನಾನು ದೊಡ್ಡ ದೊಡ್ಡವರನ್ನೇ ಅನುಮಾನಿಸಿದೆ. ಗೋಡೆಯ ಪ್ಲಗ್ಗು ಬದಲಿಸಿದೆ. ಪವರ್ ಸಪ್ಲೈ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದೆ. ಫ್ಯಾನ್ ಬಿಚ್ಚಿ ಪ್ರೊಸೆಸರನ್ನು ದುರುಗುಟ್ಟಿ ನೋಡಿದೆ, ಅದೂ ನನ್ನನ್ನು ಹಾಗೆಯೇ ನೋಡಿತು. ಅಂಗಡಿಯವರಿಗೆ ಫೋನ್ ಮಾಡಿದರೆ, "ಬೋರ್ಡ್ ಹೋಗಿರಬೇಕು ಮೇಡಂ, ತಂದುಬಿಡಿ" ಎಂದರು. ಅಣ್ಣ ಫೋನಿನಲ್ಲೇ ಪವರ್ ಸಪ್ಲೈ ಎಂದು ತೀರ್ಪು ಕೊಟ್ಟ. ಶನಿವಾರ ಅತ್ತಿಗೆ ಫೋನ್ ಮಾಡಿ, ಬೇಜಾರು ಮಾಡ್ಕೋಬೇಡ ವಸು, ನಾಳೆ ಇವರು ಬರ್ತಾರಲ್ಲ ಎಂದು ಸಾಂತ್ವನ ಹೇಳಿದಳು. ಸತ್ತವರ ಮನೆಗೆ ಹೇಳುವ ದನಿ ಅದು. ಕೆಟ್ಟುಹೋಗಿದೆ ಎಂಬುದಕ್ಕಿಂತ ನನಗೆ ಉರಿದದ್ದು ಆ ದನಿಗೆ. ಮುಂದಿನ ಮದುವೆಯ ಪಾಯಸಕ್ಕೆ ಹೊಸ ಕತೆ ತಯಾರಾಗುತ್ತಿದೆ ಎಂದು ನನಗೆ ಕಾಣಿಸುತ್ತಿತ್ತು. ಸೋತರೆ ಬರೀ ಕಂಪ್ಯೂಟರ್ ಹೋಗುತ್ತಿರಲಿಲ್ಲ. ವಸು ಬಿಚ್ಚುತ್ತಾಳೆ, ಶ್ರೀಧರ ಸರಿಮಾಡುತ್ತಾನೆ ಎಂಬುದು ನನ್ನ ಹೆಸರಿಗೆ ಸಾಯುವ ತನಕ ಅಂಟಿಕೊಳ್ಳುತ್ತಿತ್ತು.

ಭಾನುವಾರ ಬೆಳಗಿನ ಬಸ್ಸಿಗೇ ಅಣ್ಣ ಬಂದ. ಕೈಚೀಲದಲ್ಲಿ ಟೆಸ್ಟರು, ಸ್ಕ್ರೂಡ್ರೈವರ್ ಸೆಟ್ಟು, ಅಪ್ಪನ ಟಾರ್ಚು. ಜೊತೆಗೆ ಕ್ಯಾಬಿನೆಟ್ ಕಟ್ಟಿಕೊಂಡು ಹೋಗಲು ಒಂದು ಹಗ್ಗ. ಹಗ್ಗ ಕಂಡದ್ದೇ ನನಗೆ ಮೈ ಉರಿಯಿತು.

"ಓಡ್ತಿದ್ಯಾ?" ಎಂದ, ಚಪ್ಪಲಿ ಬಿಡುತ್ತಾ.

"ಇಲ್ಲ."

"ಸರಿ ಹಾಗಾದ್ರೆ. ನೀನು ಆಚೆ ಸರಿ, ನೋಡ್ತೀನಿ."

"ಭಾನುವಾರ ಅಂದ್ರೆ ಸಂಜೆ ತನಕ ಭಾನುವಾರವೇ" ಎಂದೆ. "ಕಾಫಿ ಕುಡಿ. ಕುಡಿದು ಬಂದು ಟಾರ್ಚ್ ಹಿಡಿ."

ಅಣ್ಣನ ಆಯುಸ್ಸಿನಲ್ಲಿ ಯಾರೂ ಅವನಿಗೆ ಹೀಗೆ ಹೇಳಿರಲಿಲ್ಲ. ನಾನು ಚೀಲದಿಂದ ಟಾರ್ಚ್ ತೆಗೆದು ಅವನ ಕೈಗೆ ಕೊಟ್ಟೆ. ತೂಕಕ್ಕೆ ಅವನ ಕೈ ಸ್ವಲ್ಪ ಕೆಳಗಿಳಿಯಿತು. ಕೈ ಬಿಟ್ಟರೆ ಬೀಳುತ್ತದೆ ಎಂದು ಹಿಡಿದುಕೊಂಡ, ಬೇರೆ ಕಾರಣಕ್ಕಲ್ಲ.

ಪ್ಲಗ್ ಕಿತ್ತು, ಕ್ಯಾಬಿನೆಟ್ ಮಲಗಿಸಿ, ಮುಚ್ಚಳ ತೆಗೆದೆ. ಎರಡು ದಿನ ದೊಡ್ಡವರ ಹಿಂದೆ ಬಿದ್ದದ್ದಾಯಿತು, ಇವತ್ತು ಚಿಕ್ಕವರಿಂದ ಶುರು ಮಾಡೋಣ ಎಂದು ಹಟ ಮಾಡಿ ಕೂತಿದ್ದ ಮೆಮೊರಿ ಪಟ್ಟಿಯನ್ನು ಎತ್ತಿಟ್ಟೆ. ಒಂದೇ ಪಟ್ಟಿ ಇಟ್ಟುಕೊಂಡು ಪ್ಲಗ್ ಹಾಕಿ ಗುಂಡಿ ಒತ್ತಿದೆ. ದೀಪ ಹತ್ತಿತು, ಫ್ಯಾನ್ ತಿರುಗಿತು, ಆರಲಿಲ್ಲ. ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ನನಗೆ ರೇಡಿಯೋದ ಆ ಕೆಮ್ಮು ನೆನಪಾಯಿತು.

"ಆಯ್ತಲ್ಲ, ಸಾಕು ಬಿಡು" ಎಂದ ಅಣ್ಣ. "ಒಂದರಲ್ಲೇ ಓಡಿಸು. ಇನ್ನೊಂದು ಕೆಟ್ಟಿದೆ."

"ಬೆಳಕು ಸರಿಯಾಗಿ ಹಿಡಿ."

ಆರಿಸಿ, ಪ್ಲಗ್ ಕಿತ್ತು, ಕೆಟ್ಟಿದೆ ಎಂದ ಪಟ್ಟಿಯನ್ನು ಒಳ್ಳೆಯ ಸೀಳಿಗೆ ಹಾಕಿದೆ. ಅದೂ ಓಡಿತು. ಅಂದರೆ ಪಟ್ಟಿಗಳೆರಡೂ ಚೆನ್ನಾಗಿವೆ. ಕೆಟ್ಟದ್ದು ಎರಡನೇ ಸೀಳು.

"ಹಂಗಾದ್ರೆ ಬೋರ್ಡೇ ಹೋಗಿದೆ" ಎಂದು ಅಣ್ಣ ಉತ್ಸಾಹದಿಂದ ಟಾರ್ಚ್ ಕೆಳಗಿಟ್ಟು ಹಗ್ಗ ಎತ್ತಿಕೊಂಡ. "ಅಂಗಡಿಯವರು ಹೇಳಿದ್ದೇ ಸರಿ. ನಡಿ, ಕಟ್ಟು."

"ಹಗ್ಗ ಕೆಳಗಿಡು. ಟಾರ್ಚ್ ಎತ್ತು."

"ಮಾರಾಯ್ತಿ, ಇನ್ನೇನು ನೋಡೋದಿದೆ ಅದರಲ್ಲಿ?"

"ಸೀಳಿನ ಒಳಗೆ ಬೆಳಕು ಬಿಡು. ಅಲ್ಲಲ್ಲ. ಈ ಕಡೆ. ನಿನ್ನ ತಲೆ ಅಡ್ಡ ಬರ್ತಿದೆ."

ಈ ಮಾತನ್ನು ಹೇಳಲು ನಾನು ಎಷ್ಟು ವರ್ಷ ಕಾದಿದ್ದೆ ಎಂದು ನಿಮಗೆ ಗೊತ್ತಾಗಬೇಕಾದರೆ ನೀವೂ ಟಾರ್ಚ್ ಹಿಡಿದಿರಬೇಕು. ಅಣ್ಣ ತಲೆ ಸರಿಸಿದ. ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಕಪ್ಪು ಸೀಳಿನ ತಳದಲ್ಲಿ, ಒಂದು ತುದಿಗೆ, ಹಳದಿಯಾಗಿ ಏನೋ ಇತ್ತು. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಮುರಿದು ತಂದು ಮೆಲ್ಲಗೆ ಕೆದಕಿದೆ. ಬರಲಿಲ್ಲ. ಕ್ಯಾಬಿನೆಟ್ ಓರೆ ಮಾಡಿ ಮತ್ತೆ ಕೆದಕಿದೆ. ಅಂಗೈಗೆ ಬಂದು ಬಿತ್ತು, ಅರ್ಧ ಅಕ್ಕಿಕಾಳು. ಅಕ್ಷತೆ.

ಇಬ್ಬರೂ ಅದನ್ನು ನೋಡಿದೆವು. ಅಮ್ಮ ಅಡುಗೆಮನೆಯಿಂದ ಬಂದು ಅವಳೂ ನೋಡಿದಳು.

"ಅದು ನಂದಲ್ಲ" ಎಂದಳು. "ಅಕ್ಷತೆಗೆ ನುಚ್ಚು ಬರಬಾರದು. ನಾನು ಒಂದೊಂದು ಕಾಳೂ ಆರಿಸಿ ಹಾಕ್ತೀನಿ."

"ಇಡೀ ಕಾಳೇ ಆಗಿತ್ತಮ್ಮ. ನಾನು ಒತ್ತಿದ್ದಕ್ಕೆ ನುಚ್ಚಾಯಿತು."

"ಹಾಗಾದ್ರೆ ಒಡೆದಿದ್ದು ನೀನು" ಎಂದು ಅಮ್ಮ ತೀರ್ಮಾನಿಸಿದಳು.

ಉಳಿದರ್ಧ ಪುಡಿಯಾಗಿತ್ತು, ಅದನ್ನೂ ಕೆದಕಿ ಊದಿ ತೆಗೆದು ಎರಡೂ ಪಟ್ಟಿಗಳನ್ನು ಇಟ್ಟು ಒತ್ತಿದೆ. ಟಕ್, ಟಕ್. ಗುಂಡಿ ಒತ್ತಿದೆ. ಪರದೆ ಬೆಳಗಿತು, ಮೆಮೊರಿ ಪೂರ್ತಿ ಇದೆ ಎಂದು ಅದೇ ಬರೆದು ತೋರಿಸಿತು. ಅಣ್ಣ ಟಾರ್ಚ್ ಆರಿಸಲು ಹೋದ. "ಇರಲಿ, ಹಿಡಿದಿರು" ಎಂದೆ. ಇನ್ನು ಬೆಳಕಿನ ಅಗತ್ಯ ಇರಲಿಲ್ಲ. ಆದರೂ ಒಂದಷ್ಟು ಹೊತ್ತು ಹಿಡಿಸಿದೆ. ಈ ಸಣ್ಣತನಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಊಟಕ್ಕೆ ಕೂರುವ ಮುಂಚೆ ಅತ್ತಿಗೆಯ ಫೋನ್ ಬಂತು. ಅಣ್ಣ ಜಗಲಿಗೆ ಹೋಗಿ ಮಾತಾಡಿದ. ನಮ್ಮ ಮನೆಯಲ್ಲಿ ಜಗಲಿಯ ಮಾತು ಅಡುಗೆಮನೆಯವರೆಗೂ ಕೇಳುತ್ತದೆ.

"ಹ್ಞೂ, ಆಯ್ತು. ಎಂಥದೂ ಇಲ್ಲ, ಒಂದು ಅಕ್ಕಿಕಾಳು ಸಿಕ್ಕಿಹಾಕ್ಕೊಂಡಿತ್ತು. ನಾನು ಬಂದು ಬಿಚ್ಚಿ ನೋಡಿದೆ, ಸರಿಹೋಯ್ತು."

ನಾನು ಸೌಟು ಕೆಳಗಿಟ್ಟೆ. ಇವತ್ತು ಬಿಡುವುದಿಲ್ಲ ಎಂದು ಜಗಲಿಯ ಕಡೆ ಹೊರಟೆ. ನನಗಿಂತ ಮೊದಲೇ, ಎಲೆಯ ಮುಂದೆ ಕೂತಿದ್ದ ಅಮ್ಮ ಕೂಗಿ ಹೇಳಿದಳು.

"ನೀನು ಟಾರ್ಚ್ ಹಿಡಿದೆ ಕಣೋ ಶ್ರೀಧರ. ಸರಿಮಾಡಿದ್ದು ಅವಳು."

ಅಣ್ಣ ಫೋನ್ ಇಟ್ಟು ಒಳಗೆ ಬಂದ. ಅಮ್ಮ ಸಾರಿನ ಸೌಟಿಗೆ ಕೈ ಹಾಕಿದವಳು ಅಲ್ಲಿಗೇ ನಿಲ್ಲಿಸಲಿಲ್ಲ.

"ಆ ರೇಡಿಯೋನೂ ಅವಳೇ ಮಾಡಿದ್ದು."

ನಾನು ತಿರುಗಿ ಅವಳ ಎದುರಿಗೆ ಬಂದು ನಿಂತೆ.

"ನಿಂಗೆ ಹೇಗೆ ಗೊತ್ತು?" ಎಂದೆ.

"ಬಟ್ಟೆ ಒಗೆಯೋ ಕಲ್ಲಿನ ಮೇಲೆ ಹುಣಸೆಹಣ್ಣಿನ ಉಂಡೆ ಬಿಟ್ಟಿದ್ದೆ ನೀನು. ಹಸಿರಾಗಿತ್ತು. ಇವನಿಗೆ ಹುಣಸೆ ಭರಣಿ ಎಲ್ಲಿರುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ, ಅವತ್ತು ಎಲ್ಲಿಂದ ಗೊತ್ತಿರುತ್ತೆ?"

"ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ಯಾ?"

"ಆ ವರ್ಷ ಇವನು ಪರೀಕ್ಷೇಲಿ ಫೇಲಾಗಿದ್ದ. ನಿಮ್ಮಪ್ಪ ಇವನ ಹತ್ರ ಮಾತಾಡೋದೇ ಬಿಟ್ಟಿದ್ರು. ಅವತ್ತು ಶಭಾಷ್ ಅಂದಿದ್ದೇ ಮೊದಲ ಮಾತು. ಹೇಗೆ ಕಿತ್ತುಕೊಳ್ಳೋದು ಹೇಳು? ನೀನು ಹೆಂಗಿದ್ರೂ ಗಟ್ಟಿ ಇದ್ದೆ."

ಇಲ್ಲಿ ನನ್ನ ಕಣ್ಣು ತುಂಬಿತು, ಅಮ್ಮನನ್ನು ತಬ್ಬಿಕೊಂಡೆ ಎಂದೆಲ್ಲ ಬರೆದರೆ ಚೆನ್ನಾಗಿರುತ್ತದೆ ಎಂದು ನನಗೂ ಗೊತ್ತು. ನನಗೆ ಸಿಟ್ಟು ಬಂತು. ಗಟ್ಟಿ ಇದ್ದವರ ಹತ್ತಿರ ಇದ್ದದ್ದನ್ನು ಕೇಳದೆ ಎತ್ತಿಕೊಳ್ಳಬಹುದು ಎಂದು ಯಾರು ಹೇಳಿದ್ದು? "ಅವತ್ತು ಕೊಟ್ಟೆ, ಸರಿ. ಪ್ರತಿ ಮದುವೇಲೂ ಕೊಡಬೇಕಿತ್ತಾ?" ಎಂದೆ. ಅಮ್ಮ ತುಪ್ಪದ ಬಟ್ಟಲನ್ನು ನನ್ನ ಎಲೆಯ ಕಡೆ ಸರಿಸಿದಳು.

ಅಣ್ಣ ಎಲೆಯ ಮುಂದೆ ಕೂತು ಬಹಳ ಹೊತ್ತು ಅನ್ನ ಕಲಸಿದ. "ನಾನೇ ಮಾಡಿದ್ದು ಅಂತ ನಂಬಿಬಿಟ್ಟಿದ್ದೆ ಮಾರಾಯ್ತಿ" ಎಂದ ಕೊನೆಗೆ. "ಅಷ್ಟು ಸಲ ಹೇಳಿದಾರೆ." ಅವನ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಸ್ಕ್ರೂಡ್ರೈವರ್ ಕೈಗೆ ಬಂದವರಿಗೆ ಹಾಗಾಗುತ್ತದೆ. ಹಗ್ಗ ಮಡಚಿ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದ. ಟಾರ್ಚ್ ಇಲ್ಲೇ ಉಳಿಯಿತು.

ಈ ಕಂಪ್ಯೂಟರಿನಲ್ಲಿ ನಾನು ಬರೆದ ಮೊದಲ ಬರಹ ಇದು. ಮೊನ್ನೆ ಅಣ್ಣ ಮತ್ತೆ ಬಂದಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಮೇಜಿನ ಮೇಲೆ ಟಾರ್ಚ್ ಇರುವುದನ್ನು ನೋಡಿದ. ಚೀಲಕ್ಕೆ ಹಾಕಿಕೊಳ್ಳುತ್ತಾನೆ ಎಂದುಕೊಂಡೆ, ಹಾಕಿಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಎರಡು ದಿನದಿಂದ ಗುರ್ ಎನ್ನುತ್ತಿತ್ತು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಮುಂದೆ ಕೂತೆ. ಅಣ್ಣ ಟಾರ್ಚ್ ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತ.

"ಯಾವ ಕಡೆ ಹಿಡಿಲಿ?" ಎಂದ.